ನೆರೆಯವಳ ದನಿ

ಆ ಶನಿವಾರ ಮಧ್ಯಾಹ್ನ ಕೆರುಬೋಳ ತಲೆ ಅವಳ ಸ್ವಾಧೀನದಲ್ಲಿರಲಿಲ್ಲ. ನೈರೋಬಿಯ ಕೆನ್ಯಾಟಾ ಮಾರ್ಕೆಟ್ಟಿನ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ಅವಳನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ಎಡಗಡೆಯ ಕೂದಲನ್ನು ಎಲ್ಲರೂ ಅಮ್ಮನೆಂಬಂತೆ 'ಮಾಮಾ' ಎನ್ನುವ ವಮೈಥಾ, ಬಲಗಡೆಯದನ್ನು ಆವಿನೋ ಪಾಲು ಮಾಡಿಕೊಂಡು ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದರು. ಒಬ್ಬಳು ಎಳೆದರೆ ಕತ್ತು ಅತ್ತ, ಇನ್ನೊಬ್ಬಳು ಎಳೆದರೆ ಇತ್ತ. ಎದುರು ಸಾಲಿನಲ್ಲಿ ಆಡಿನ ಮಾಂಸ ಸುಡುವ ಹೊಗೆ ಒಳಗೆ ನುಗ್ಗಿ ಕಣ್ಣು ಉರಿಸುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಚೌರಿಯ ಕಟ್ಟು ಹಿಡಿಸಿದ್ದರು. ಊರಿನಲ್ಲಿ, ನ್ಯಾಮಿರಾದ ಟೀ ತೋಟಗಳ ಮಗ್ಗುಲಲ್ಲಿ, ಅವ್ವ ಈ ಹೊತ್ತಿಗೆ, ಶನಿವಾರವನ್ನೇ ದೇವರ ದಿನವೆನ್ನುವ ಅವರ ಪಂಥದ ಸಬ್ಬತ್ತಿನ ಪ್ರಾರ್ಥನೆ ಮುಗಿಸಿ ಚರ್ಚಿನ ಅಂಗಳದಲ್ಲಿ ಬುತ್ತಿ ಬಿಚ್ಚಿರುತ್ತಾಳೆ. ನೈರೋಬಿಯ ಯಾವುದೋ ಚರ್ಚಿನ ಬೆಂಚಿನ ಮೇಲೆ ಮಗಳೂ ತಲೆ ಬಾಗಿಸಿ ಕೂತಿದ್ದಾಳೆ ಎಂದುಕೊಂಡಿರುತ್ತಾಳೆ. ತಲೆಯೇನೋ ಬಾಗಿತ್ತು. ಅವ್ವನಿಗೆ ತಾನು ಸುಳ್ಳು ಹೇಳಿಲ್ಲ, ಕೇಳದ್ದನ್ನು ಹೇಳಿಲ್ಲ ಅಷ್ಟೆ, ಎಂದು ಕೆರುಬೋ ಪ್ರತಿ ಶನಿವಾರ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡ ಮೇಲೆಯೂ ಏನೋ ಒಂದು, ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ, ಉಳಿದೇ ಇರುತ್ತಿತ್ತು.

ಶನಿವಾರದ ಮಧ್ಯಾಹ್ನವೆಂದರೆ ಅವಳಿಗೆ ರೇಡಿಯೋದಲ್ಲಿ ಮ್ವೆಂದ್ವಾನ ಕಾರ್ಯಕ್ರಮ. ಯಾವ ಕಂಪನಿಯ ಹಂಗೂ ಇಲ್ಲದೆ ಮಲಗುವ ಕೋಣೆಯಲ್ಲಿ, ಅಕ್ಕನ ಮನೆಯ ಗ್ಯಾರೇಜಿನಲ್ಲಿ ಹಾಡು ಕಟ್ಟುವ ಹುಡುಗ ಹುಡುಗಿಯರನ್ನು ಅವನು ಒಂದು ಗಂಟೆ ಕೇಳಿಸುತ್ತಿದ್ದ. ಮೂವತ್ತೊಂಬತ್ತರ ಹೆಂಗಸು, ಹಲ್ಲಿನ ಆಸ್ಪತ್ರೆಯ ಮುಂಭಾಗದಲ್ಲಿ ಕೂತು ರೋಗಿಗಳ ಹೆಸರು ಕೂಗುವವಳು, ಈ ಇಂಡೀ ಪಾಪ್ ಎಂಬುದಕ್ಕೆ ಹೇಗೆ ಅಂಟಿಕೊಂಡಳೆಂದು ಯಾರಾದರೂ ಕೇಳಿದರೆ ಅವಳು ಹೇಳುತ್ತಿದ್ದುದು ಇಷ್ಟೇ. ದೊಡ್ಡ ಹಾಡುಗಳಲ್ಲಿ ಎಲ್ಲವೂ ಇಸ್ತ್ರಿ ಹಾಕಿಟ್ಟಂತೆ ಇರುತ್ತದೆ. ಈ ಹಾಡುಗಳಲ್ಲಿ ಕುರ್ಚಿ ಕಿರುಗುಟ್ಟುವುದು ಕೇಳುತ್ತದೆ, ಉಸಿರು ತೆಗೆದುಕೊಂಡದ್ದು ಕೇಳುತ್ತದೆ, ಹಾಡುವವಳಿಗೆ ಭಯವಾಗಿದ್ದರೆ ಅದೂ ಕೇಳುತ್ತದೆ. ಇವು ಎಲ್ಲರಿಗೂ ಮುಟ್ಟಬೇಕು ಎಂಬ ಆಸೆ ಅವಳಿಗೆ; ಮುಟ್ಟಿಬಿಟ್ಟರೆ ತನಗೇನು ಉಳಿಯುತ್ತದೆ ಎಂಬ ದಿಗಿಲೂ ಅವಳಿಗೇ. ಅದರಲ್ಲೂ ಜಿರಾನಿ. ನೆರೆಯವರು ಎಂದು ಅದರ ಅರ್ಥ, ಮೂರೇ ಜನರ ತಂಡ. ಗೊಂಗ್ ರಸ್ತೆಯ ಹಳೆಯ ಬಂಗಲೆಯೊಂದರ ಹಿತ್ತಿಲಲ್ಲಿ, ಜಕರಂದಾ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವರು ಹಾಡುವಾಗೆಲ್ಲ ಕೆರುಬೋ ಹೋಗಿದ್ದಳು. ಮಳೆ ಬಂದು ಹನ್ನೊಂದೇ ಜನ ಉಳಿದಿದ್ದ ದಿನವೂ ಆ ಹನ್ನೊಂದರಲ್ಲಿ ಅವಳಿದ್ದಳು. ಯಾವಾಗಲೂ ಎಡಗಡೆ, ಮುಂದೆ. ಹಾಡುವ ಹುಡುಗಿ ಅಯೂಮಾ ಒಮ್ಮೊಮ್ಮೆ ಅತ್ತ ನೋಡಿ ಹುಬ್ಬು ಹಾರಿಸುತ್ತಿದ್ದಳು. ಅದು ತನಗೇ ಎಂದು ಕೆರುಬೋ ನಂಬಿದ್ದಳು, ಅಲ್ಲದಿರಬಹುದು ಎಂಬುದನ್ನೂ ನಂಬಿದ್ದಳು.

ಮಾರ್ಚಿನಿಂದ ಜಿರಾನಿ ಹಾಡಿರಲಿಲ್ಲ. ಅಯೂಮಾಳ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಜೀವ ಉಳಿಯುತ್ತದೆ, ದನಿ ಉಳಿಯುವ ಮಾತು ಹೇಳಲಾರೆ ಎಂದು ವೈದ್ಯರು ಮೊದಲೇ ಅಂದಿದ್ದರಂತೆ. ಜೀವ ಉಳಿಯಿತು. ಇದನ್ನು ಕೆರುಬೋ ತಿಳಿದುಕೊಂಡದ್ದೂ ರೇಡಿಯೋದಿಂದಲೇ, ಒಂದು ಹಲ್ಲುನೋವಿನ ಮಗು ಎದುರಿಗೆ ಅರಚುತ್ತಿದ್ದಾಗ.

"ಈಗ ಕೇಳಿ," ಎಂದ ಮ್ವೆಂದ್ವಾ, ಅಂಗಡಿಯ ರೇಡಿಯೋದಲ್ಲಿ. "ಜಿರಾನಿಯ ಕೊನೆಯ ಸಂಜೆ. ಆಪರೇಷನ್ನಿಗೆ ಮುಂಚಿನ ವಾರ ಅಯೂಮಾ ಹಾಡಿದ ಹಾಡು. ಬೇರೆಲ್ಲೂ ಇಲ್ಲ ಇದು. ತಂಡದ ಲೆಮಾಯಾನ್ ತನ್ನ ಸಣ್ಣ ಯಂತ್ರದಲ್ಲಿ ಹಿಡಿದಿಟ್ಟಿದ್ದು."

"ಆವಿನೋ, ರೇಡಿಯೋ ಜೋರು ಮಾಡ್ತೀಯಾ? ನಮ್ಮವರ ಹಾಡು ಬರ್ತಿದೆ," ಎಂದಳು ಕೆರುಬೋ.

"ನಿಮ್ಮವರಾ? ನಿಮ್ಮ ತಂಗಿನಾ, ಅಕ್ಕ?"

"ಅಲ್ಲಪ್ಪ. ನಮ್ಮ ಬ್ಯಾಂಡು."

"ಓ, ನೀವೂ ಬಾರಿಸ್ತೀರಾ?"

"ಇಲ್ಲ. ಕೇಳ್ತೀನಿ."

"ನೋಡೇ ಆವಿನೋ," ಎಂದಳು ಮಾಮಾ ವಮೈಥಾ, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡೇ. "ಹೆಣೆಯೋರು ನಾವು, ಹಾಡೋರು ಅವರು, ಕೇಳೋದೂ ಒಂದು ಕೆಲಸ ಅಂತೆ. ಎಂಥಾ ಪುಣ್ಯವಂತರಪ್ಪ!"

ಆವಿನೋ ನಗುತ್ತ ರೇಡಿಯೋ ತಿರುಗಿಸಿದಳು. ಗಿಟಾರು ಶುರುವಾಯಿತು. ಮರದ ಎಲೆ, ದೂರದ ಮಟಾಟು ಬಸ್ಸಿನ ಹಾರನ್ನು, ಯಾರದೋ ಕೆಮ್ಮು. ಕೆರುಬೋ ಕಣ್ಣು ಮುಚ್ಚಿದಳು. ಅಯೂಮಾ ಹಾಡಿದಳು: ಗೇಟಿನ ಚಿಲಕ ಹಾಕಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ. ಆ ದನಿ ತೊಳೆದ ಗಾಜಿನ ಲೋಟದಂತಿತ್ತು. ಎರಡನೆಯ ಸಾಲಿಗೆ ಇನ್ನೊಂದು ದನಿ ಬಂತು. ಸ್ವರಕ್ಕೆ ಕೆಳಗೆ, ತಾಳಕ್ಕೆ ಹಿಂದೆ, ಆದರೆ ಎಷ್ಟು ಹತ್ತಿರದಲ್ಲಿ! ಯಂತ್ರದ ಬಾಯಿಗೇ ಬಾಯಿಟ್ಟಂತೆ. ಯಾರು ಈ ದರಿದ್ರದವಳು, ಎಂದು ಕೆರುಬೋಗೆ ಮೈಯೆಲ್ಲ ಉರಿಯಿತು. ಹೋಗಿ ಹೋಗಿ ಇದೊಂದು ಹಾಡಿನ ಮೇಲೆಯೇ ಬೀಳಬೇಕೇ? ದನಿ ನಿಲ್ಲಲಿಲ್ಲ. ಪ್ರೀತಿಯಿಂದ, ಮುಲಾಜಿಲ್ಲದೆ, ಅದು ಅಯೂಮಾಳ ದನಿಯ ಹೆಗಲ ಮೇಲೆ ಹತ್ತಿ ಕೂತಿತ್ತು. 'ದಾರಿ' ಎನ್ನುವ ಕಡೆ ಆ ಹೆಂಗಸು ಸ್ವಾಹಿಲಿಯ ಮಾತನ್ನು ಕಿಸೀ ಸೀಮೆಯವರ ಹಾಗೆ, ಕೊನೆಯಲ್ಲಿ ಜಗ್ಗಿ ಎಳೆದಳು. ಅವ್ವ ಎಳೆಯುವ ಹಾಗೆ. ಕೆರುಬೋ ತಾನೇ ಎಳೆಯುವ ಹಾಗೆ. ಓಡಿಹೋಗಲು ತಲೆ ಅವಳದಲ್ಲ, ಕಿವಿ ಮುಚ್ಚಲು ಕೈಯೂ ಅವಳದಲ್ಲ.

"ಅಯ್ಯೋ, ಯಾರೇ ಇವಳು?" ಆವಿನೋ ನಗು ತಡೆಯಲಾರದೆ ಜಡೆ ಬಿಟ್ಟಳು. "ಅವಳ ಬಾಯಿಗೆ ಒಂದು ಚಪಾತಿ ತುರುಕಬಾರದಿತ್ತಾ ಯಾರಾದ್ರೂ?"

"ನಗಬೇಡ್ವೇ, ಪಾಪ. ಮನಸ್ಸಿಟ್ಟು ಹಾಡ್ತಿದಾಳೆ," ಎಂದು ಮಾಮಾ ವಮೈಥಾ ತಾನೂ ನಕ್ಕಳು. "ನಮ್ಮ ಚರ್ಚಲ್ಲೂ ಇಂಥೋಳು ಒಬ್ಬಳಿದಾಳೆ. ದೇವರು ತಾಳ್ಕೊತಾನೆ, ನಾವು ಯಾರು? ಅಲ್ವಾ ಅಮ್ಮ?"

ಇಬ್ಬರೂ ಅವಳ ಉತ್ತರಕ್ಕೆ ಕಾದರು. ಕೆರುಬೋ ನಕ್ಕಳು. "ಯಾರೋ ಕುಡಿದಿರಬೇಕು," ಎಂದಳು.

ಆ ಮಾತು ತನ್ನ ಬಾಯಿಂದಲೇ ಬಂತೆಂಬುದು ಅವಳಿಗೆ ಬಹಳ ಹೊತ್ತು ನಂಬಿಕೆಯಾಗಲಿಲ್ಲ. ಹಾಡು ಮುಗಿದಿತ್ತು. ಮ್ವೆಂದ್ವಾ ಗಂಭೀರವಾಗಿ ಏನೋ ಹೇಳಲು ಹೊರಟು, ತಡೆಯಲಾರದೆ ಕಿಸಕ್ಕೆಂದ. "ಕ್ಷಮಿಸಿ, ಕ್ಷಮಿಸಿ. ಆದ್ರೆ ಯಾರಮ್ಮಾ ಆಕೆ? ಜಿರಾನಿಗೇ ಒಬ್ಬಳು ಜಿರಾನಿ! ನೆರೆಯವಳೇ, ಎಲ್ಲಿದ್ದರೂ ಒಂದು ಫೋನ್ ಮಾಡು ತಾಯಿ!" ಅದರ ಹಿಂದೆಯೇ ಸೋಪಿನ ಜಾಹೀರಾತು ಬಂತು.

ಚಿಕ್ಕವಳಿದ್ದಾಗ ಊರಿನ ಚರ್ಚಿನ ಹಾಡುವ ಗುಂಪಿನಲ್ಲಿ ಅವಳನ್ನು ನಿಲ್ಲಿಸಿದ್ದು ಎತ್ತರಕ್ಕಾಗಿ. ಸಾಲು ಸಮವಾಗಿ ಕಾಣಬೇಕಿತ್ತು. ಹಾಡು ಕಲಿಸುವ ಮೇಷ್ಟ್ರು ಬಗ್ಗಿ ಕಿವಿಯಲ್ಲಿ ಹೇಳಿದ್ದರು: ನೀನು ಬಾಯಿ ಆಡಿಸು ಮಗು, ಸದ್ದು ಬೇಡ. ಸಿಟ್ಟಿನಿಂದಲ್ಲ, ಬೆನ್ನು ಸವರಿಯೇ ಹೇಳಿದ್ದರು. ಆಮೇಲೆ ಎಷ್ಟೋ ವರ್ಷ ಅವಳು ಮೀನಿನ ಹಾಗೆ ಬಾಯಿ ಆಡಿಸುತ್ತ ದೇವರ ಮುಂದೆ ನಿಂತಿದ್ದಳು. ಜಕರಂದಾ ಮರದ ಕೆಳಗೆ ಮೊದಲ ಸಲ ಡ್ರಮ್ಮಿನ ಸದ್ದು ಎದೆಗೆ ಬಡಿದಾಗ ಅವಳಿಗೆ ಹೊಳೆದದ್ದು ಇಷ್ಟೇ: ಇಲ್ಲಿ ಎಷ್ಟು ಗಟ್ಟಿಯಾಗಿ ಹಾಡಿದರೂ ತನ್ನ ದನಿ ತನಗೇ ಕೇಳುವುದಿಲ್ಲ. ಹೊಳೆಗೆ ಬಿದ್ದ ಹನಿಯಂತೆ ಹೋಗಿಬಿಡುತ್ತದೆ. ತನಗೆ ಕೇಳದ್ದು ಯಾರಿಗೂ ಕೇಳುವುದಿಲ್ಲ ಎಂದುಕೊಂಡುಬಿಟ್ಟಿದ್ದಳಲ್ಲ, ಎಂಥ ಹುಂಬತನ! ಜಡೆ ಮುಗಿದು, ಬಿಚ್ಚಿಹೋಗದಂತೆ ತುದಿಗಳನ್ನು ಕುದಿನೀರಿನಲ್ಲಿ ಅದ್ದಿ, ಕನ್ನಡಿ ಹಿಡಿದು "ನೋಡ್ಕೊಳ್ಳಿ ಅಕ್ಕ, ಹತ್ತು ವರ್ಷ ಚಿಕ್ಕೋರಾದ್ರಿ" ಎಂದಾಗ ಅವಳು ಕನ್ನಡಿಯಲ್ಲಿ ಬಾಯಿಯನ್ನಷ್ಟೇ ನೋಡಿಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಮುಗಿದುಹೋಗುತ್ತಿತ್ತು. ಮುಂದಿನ ಶನಿವಾರ ಜನ ಫೋನ್ ಮಾಡಿ ಅದೇ ಹಾಡು ಕೇಳಿದರು. ಅದರ ಮುಂದಿನ ಶನಿವಾರ ಇನ್ನೂ ಹೆಚ್ಚು ಜನ. ಜಿರಾನಿಯ ಹೆಸರೇ ಕೇಳದವರು 'ಆ ನೆರೆಯವಳ ಹಾಡು ಹಾಕಿ' ಎಂದರು. ಬೆಳಗಿನ ಕಾರ್ಯಕ್ರಮದವರೂ ಹಾಕಿದರು. ಯಾರೋ ಅದನ್ನು ತುಂಡು ಮಾಡಿ, ಹುಂಜ ಕೂಗುವ ಚಿತ್ರಕ್ಕೆ ಅಂಟಿಸಿ ಫೋನಿನಿಂದ ಫೋನಿಗೆ ಹರಿಬಿಟ್ಟರು. ಮಟಾಟುವಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು "ಗೇಟಿನ ಚಿಲಕ ಹಾಕಬೇಡಾ" ಎಂದು ಅವಳ ದನಿಯಲ್ಲಿ ಕೂಗಿದ, ಬಸ್ಸಿಡೀ ನಕ್ಕಿತು. ಅವನು ಕೆರುಬೋಳ ಮುಖಕ್ಕೆ ಮುಖ ತಂದು "ಏನ್ ಮದರ್, ನಗಲ್ವಾ?" ಎಂದ. ನಕ್ಕಳು. ನಗುವುದು ಅಭ್ಯಾಸವಾಗುತ್ತಿತ್ತು. ಆಸ್ಪತ್ರೆಯಲ್ಲಿ ಹೆಸರು ಕೂಗುವಾಗ ದನಿ ತಗ್ಗಿಸಿದಳು. ಸರದಿ ಬಂದದ್ದು ಗೊತ್ತಾಗದೆ ಮುದುಕನೊಬ್ಬ ಮಧ್ಯಾಹ್ನದವರೆಗೆ ದವಡೆ ಹಿಡಿದು ಕೂತಿದ್ದ. ವೈದ್ಯರು "ನಿನ್ನ ಗಂಟಲಿಗೇನಾಗಿದೆ ಕೆರುಬೋ?" ಎಂದು ಗದರಿದಾಗ, ಗಂಟಲು ಎಂಬ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು. ತನಗೇನಾಗಿದೆ? ಆದದ್ದು ಅಯೂಮಾಗೆ. ಕೊನೆಯದಾಗಿ ಉಳಿದ ಒಂದು ಹಾಡು, ಅದನ್ನು ಊರೇ ಕೇಳುತ್ತಿದೆ, ಹೊಟ್ಟೆ ಹಿಡಿದುಕೊಂಡು ಕೇಳುತ್ತಿದೆ. ಇವರಿಗೆಲ್ಲ ಮುಟ್ಟಲಿ ಎಂದು ತಾನೇ ಹಂಬಲಿಸಿದ್ದಳಲ್ಲ.

ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಆಸ್ಪತ್ರೆಯ ಹಿಂದಿನ ಮೆಟ್ಟಿಲಿನಲ್ಲಿ ಕೂತು ರೇಡಿಯೋದವರಿಗೆ ಫೋನ್ ಮಾಡಿದಳು.

"ಆ ಹಾಡು ಹಾಕಬೇಡಿ ಅಂತ ಹೇಳೋಕೆ..."

"ಯಾವುದು, ನೆರೆಯವಳದಾ?" ಎಂದಿತು ಒಂದು ಲವಲವಿಕೆಯ ಹೆಣ್ಣು ದನಿ. "ಅಕ್ಕ, ಜನ ಕೇಳ್ತಾರೆ, ನಾವು ಹಾಕ್ತೀವಿ. ನಿಮಗೆ ಬೇಡ ಅಂದ್ರೆ ಬೇರೆ ಯಾವುದಾದ್ರೂ ಕೇಳಿ, ಅದನ್ನೂ ಹಾಕ್ತೀವಿ."

"ಆ ಹುಡುಗೀಗೆ ಎಷ್ಟು ನೋವಾಗತ್ತೆ, ಯೋಚನೆ ಮಾಡಿದೀರಾ?"

"ಯಾವ ಹುಡುಗಿ?"

ಕೆರುಬೋ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆ ಕಡೆಯವಳು ಸ್ವಲ್ಪ ಕಾದು, "ಒಂದ್ ನಿಮಿಷ, ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲಾ..." ಎನ್ನುವಷ್ಟರಲ್ಲಿ ಕೆರುಬೋ ಫೋನ್ ಇಟ್ಟಳು. ಬುತ್ತಿಯ ಡಬ್ಬಿಯಲ್ಲಿ ಜೋಳದ ಉಗಾಲಿ ಮುದ್ದೆ ಗಟ್ಟಿಯಾಗಿತ್ತು.

ಲೆಮಾಯಾನ್ ಇಂಡಸ್ಟ್ರಿಯಲ್ ಏರಿಯಾದ ಮೋಟಾರುಬೈಕಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿರುತ್ತಾನೆಂದು ಅವಳಿಗೆ ಗೊತ್ತಿತ್ತು. ಅಭಿಮಾನಿಗೆ ಗೊತ್ತಿರುವ ಇಂಥ ಸಂಗತಿಗಳಿಗೆ ನಾಚಿಕೆಯಿಲ್ಲ. ಮರದ ಕೆಳಗೆ ಗಿಟಾರು ಹಿಡಿದಾಗ ಆರಡಿ ಎತ್ತರ ಕಾಣುತ್ತಿದ್ದವನು ಕೌಂಟರಿನ ಹಿಂದೆ ಸಾಧಾರಣ ಆಳು. ಅವಳನ್ನು ಕಂಡದ್ದೇ ಗುರುತು ಹಿಡಿದ.

"ಎಡಗಡೆ ಅಕ್ಕ!" ಎಂದ. ಆಮೇಲೆ ಅವನ ಮುಖದಲ್ಲಿ ಅವಳು ಯಾಕೆ ಬಂದಳೆಂಬ ಅರಿವು ಬಂತು. "ಓ..." ಎಂದ.

"ಅದರಿಂದ ನನ್ನ ದನಿ ತೆಗೆದುಬಿಡಪ್ಪ. ಏನೇನೋ ಯಂತ್ರ ಇರ್ತಾವಂತಲ್ಲ ಈಗ."

"ನೋಡಿದೆ ಅಕ್ಕ, ನೋಡದೆ ಇರ್ತೀನಾ? ಇದ್ದದ್ದು ಒಂದೇ ಮೈಕು, ಅದನ್ನ ಎಡಗಡೆ ಇಟ್ಟೋನು ನಾನೇ. ನಿಮ್ಮನ್ನ ತೆಗೆದ್ರೆ ಅವಳೂ ಹೋಗ್ತಾಳೆ. ಹಾಲಿಗೆ ಬಿದ್ದ ನೀರನ್ನ ತೆಗೆಯೋಕಾಗತ್ತಾ?" ಅವನು ಒಂದು ಚೈನನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಲೇ ಇದ್ದ. "ರೇಡಿಯೋಗೆ ಕೊಟ್ಟಿದ್ದು ತಪ್ಪಾಯ್ತು. ಜನ ಅವಳನ್ನ ಮರೆಯಬಾರದು ಅಂತ ಕೊಟ್ಟೆ. ಈಗ ನೋಡಿ. ಮರೆತಿಲ್ಲ."

"ಅಯೂಮಾ ಏನಂದ್ಲು?"

"ನೀವೇ ಕೇಳಿ. ಆ ಅಕ್ಕ ಸಿಕ್ಕಿದ್ರೆ ಮನೆಗೆ ಕಳಿಸು ಅಂದಿದಾಳೆ."

ಅಯೂಮಾಳ ಮನೆಯಿದ್ದ ಉಮೋಜಾಕ್ಕೆ ಹೋಗುವ ದಾರಿಯುದ್ದಕ್ಕೂ ಕೆರುಬೋ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡಳು. ಬೈಯಲಿ. ಬೈಯಬೇಕು. ಬೈದರೆ ಅರ್ಧ ಭಾರ ಇಳಿಯುತ್ತದೆ ಎಂದುಕೊಂಡು, ಛೆ, ಅಲ್ಲಿಗೆ ಹೋಗುತ್ತಿರುವುದು ಅವಳ ಸಮಾಧಾನಕ್ಕೋ ತನ್ನದಕ್ಕೋ ಎಂದು ಅನುಮಾನಿಸಿ, ಒಂದು ಸ್ಟಾಪು ಮುಂಚೆಯೇ ಇಳಿದುಬಿಟ್ಟಳು. ಒಂದು ಡಜನ್ ಬಾಳೆಹಣ್ಣು ಕೊಂಡಳು. ಗಂಟಲು ನೋವಿನವರಿಗೆ ಮೆತ್ತಗಿನದು ಒಳ್ಳೆಯದೆಂದುಕೊಂಡು, ಐದು ತಿಂಗಳಾದ ಮೇಲೆ ಇನ್ನೂ ಗಂಟಲು ನೋವಿರುತ್ತದೆಯೇ ಎಂದು ಅಂಗಡಿಯ ಮುಂದೆಯೇ ಪೆದ್ದಿಯಂತೆ ನಿಂತಳು. ಆಗಸ್ಟಿನ ಬೂದು ಚಳಿ. ಮೂರನೆಯ ಮಹಡಿಯ ಬಾಗಿಲು ತೆರೆದದ್ದು ಅಯೂಮಾಳ ತಾಯಿ, ಮುಮಿಯಾಸ್ ಕಡೆಯ ದಪ್ಪನೆಯ ಹೆಂಗಸು. "ಬಾ ಮಗಳೇ, ಬಾ. ಹಣ್ಣು ಯಾಕೆ ತಂದೆ? ಕೂತ್ಕೊ, ಚಾ ಇಡ್ತೀನಿ," ಎಂದು, ಯಾರು ಏನು ಎಂದು ಕೇಳದೆ ಅಡುಗೆಮನೆಗೆ ಹೋದಳು.

ಅಯೂಮಾ ಸೋಫಾದ ಮೇಲೆ ಕಾಲು ಮಡಿಸಿ ಕೂತಿದ್ದಳು, ಕತ್ತಿಗೆ ಹಸಿರು ವಸ್ತ್ರ ಸುತ್ತಿಕೊಂಡು. ಇಷ್ಟು ಹತ್ತಿರದಿಂದ ಅವಳನ್ನು ಕೆರುಬೋ ಎಂದೂ ನೋಡಿರಲಿಲ್ಲ. ಹುಬ್ಬಿನ ಮೇಲೆ ಒಂದು ಸೀತಾಳೆ ಸಿಡುಬಿನ ಕಲೆಯಿತ್ತು.

"ಜಡೆ ಚೆನ್ನಾಗಿದೆ," ಎಂದಳು ಅಯೂಮಾ. ದನಿಯಲ್ಲ, ಕಾಗದ ಉಜ್ಜಿದ ಹಾಗೆ ಬರೀ ಗಾಳಿ. ಕೇಳಿಸಿಕೊಳ್ಳಲು ಕೆರುಬೋ ಮುಂದಕ್ಕೆ ಬಾಗಬೇಕಾಯಿತು. ದಾರಿಯಲ್ಲಿ ಜೋಡಿಸಿಕೊಂಡದ್ದೆಲ್ಲ ಚದುರಿಹೋಯಿತು.

"ನನಗೆ ಗೊತ್ತಿರಲಿಲ್ಲ ಕಣಮ್ಮ. ಅಷ್ಟು ಕೇಳ್ಸತ್ತೆ ಅಂತ ನನಗೆ..."

ಅಯೂಮಾ ಕೈ ಎತ್ತಿ ತಡೆದಳು. "ನನಗೆ ಗೊತ್ತಿತ್ತು. ಪ್ರತಿ ಸಲ ಕೇಳ್ಸೋದು. ಎಡಗಿವಿಯಲ್ಲಿ. ಒಂದೊಂದ್ ಸಲ ನೀವು ತಪ್ಪು ಹಾಡಿ ನಾನೂ ತಪ್ಪಿದೀನಿ." ಅವಳು ಉಸಿರು ತೆಗೆದುಕೊಂಡಳು. ಅವಳು ನಗುತ್ತಿದ್ದಾಳೋ ಇಲ್ಲವೋ ಕೆರುಬೋಗೆ ತಿಳಿಯಲಿಲ್ಲ; ನಗುವಿಗೂ ದನಿ ಬೇಕು ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. "ನೀವು ಬರದಿದ್ದ ದಿನ ಯಾವುದಾದ್ರೂ ಇತ್ತಾ?"

"ಇಲ್ಲ."

"ಅದಕ್ಕೇ ಕರೆಸಿದ್ದು. ಆ ಹಾಡು ಮೂರು ಸಲ ಹಾಡಿದೀನಿ. ಲೆಮಾಯಾನ್ ಹತ್ರ ಇರೋದು ಒಂದೇ. ಅದನ್ನ ಕೇಳಿದ್ರೆ ನನಗೆ ನಾನು ಸಿಕ್ಕಲ್ಲ, ನೀವೇ ಸಿಗ್ತೀರಿ. ನೀವು ಫೋನಲ್ಲಿ ಹಿಡ್ಕೊಳ್ತಿದ್ರಿ ಅಲ್ವಾ? ನೋಡಿದೀನಿ, ಕೈ ಎತ್ತಿಕೊಂಡಿರ್ತಿದ್ರಿ. ಬೇರೆ ಎರಡು ಸಲದ್ದು ಇದೆಯಾ?"

ಇತ್ತು. ಎಲ್ಲವೂ ಇತ್ತು. ಇಷ್ಟು ವರ್ಷ ಒಂದನ್ನೂ ಅಳಿಸಿರಲಿಲ್ಲ. ಹಾಗೆಯೇ ಒಂದನ್ನೂ ತಿರುಗಿ ಕೇಳಿರಲಿಲ್ಲ. ಇದೆ ಎಂಬುದೇ ಸಾಕಾಗಿತ್ತು. ಕೊನೆಗೂ ತಾನು ಏನಾದರೂ ಕೊಡಬಲ್ಲೆ ಎಂದು ಕೆರುಬೋ ಹಿಗ್ಗಿದಳು. ಫೋನನ್ನು ಇಬ್ಬರ ನಡುವಿನ ಮೇಜಿನ ಮೇಲಿಟ್ಟು, ಹುಡುಕಿ, ಒತ್ತಿದಳು. ಗಿಟಾರು ಬಂತು. ಆಮೇಲೆ ಕೆರುಬೋಳದೇ ದನಿ ಬಂತು. ಫೋನ್ ಅವಳ ಕೈಯಲ್ಲಿ, ಅವಳ ಬಾಯಿಗೆ ಮೊಳದೂರದಲ್ಲಿ ಇದ್ದದ್ದಲ್ಲವೇ. ಅಯೂಮಾ ಎಲ್ಲೋ ಗೋಡೆಯಾಚೆ ಹಾಡುತ್ತಿದ್ದಂತಿತ್ತು. ಇನ್ನೊಂದನ್ನು ಒತ್ತಿದಳು. ಅದರಲ್ಲೂ ತಾನೇ. "ಇದರಲ್ಲಿ ನಾನಿರಲ್ಲ, ತಡಿ," ಎನ್ನುತ್ತ ಬೇರೆ ಹಾಡು, ಬೇರೆ ಸಂಜೆ, ಬೇರೆ ವರ್ಷ. ಕಂಚಿನ ತಟ್ಟೆ ಬಡಿದಂತೆ ತನ್ನದೇ ದನಿ, ಎಲ್ಲದರಲ್ಲೂ ಅದೇ ಸಂತೋಷ, ಅದೇ ಎಳೆತ. ಹಿಡಿದಿಟ್ಟೆ ಎಂದುಕೊಂಡದ್ದೆಲ್ಲ ತನ್ನನ್ನೇ. ಅವಳ ಬೆರಳು ನಿಲ್ಲದೆ ಒತ್ತುತ್ತಿತ್ತು, ಬೆವರಿಗೆ ಜಾರುತ್ತಿತ್ತು. ನಿಲ್ಲಿಸು ಎಂದು ಅಯೂಮಾ ಹೇಳುತ್ತಿಲ್ಲವಲ್ಲ ಎಂದು ಕಣ್ಣೆತ್ತಿದರೆ ಅವಳು ಮುಖ ಕೆಳಗೆ ಹಾಕಿ ಹಸಿರು ವಸ್ತ್ರದ ಅಂಚಿನ ಎಳೆ ಬಿಡಿಸುತ್ತಿದ್ದಳು.

"ಸಾಕು ಅಕ್ಕ," ಎಂದಳು ಅಯೂಮಾ. ಅಥವಾ ತುಟಿ ಹಾಗೆ ಆಡಿತು.

ಕೆರುಬೋ ನಿಲ್ಲಿಸಲು ಕೈ ಚಾಚಿದಳು. ಒತ್ತಿದ್ದು ತಪ್ಪಿತೋ ಏನೋ, ಹಾಡು ಮುಗಿದು ಚಪ್ಪಾಳೆ ಬಂತು; ಚಪ್ಪಾಳೆ ತೆಳುವಾಯಿತು. ಹಾಡಿಲ್ಲದಾಗ ಕೆರುಬೋ ಹಾಡುವುದಿಲ್ಲವಲ್ಲ. ಗಿಟಾರಿನ ತಂತಿ ಬಿಗಿ ಮಾಡುವ ಸಣ್ಣ ಟಿಣ್ ಟಿಣ್ ಸದ್ದಿನ ನಡುವೆ ಅಯೂಮಾಳ ಆ ಮೊದಲಿನ ದನಿ, ಯಾರ ಅಡ್ಡಿಯೂ ಇಲ್ಲದೆ, ಕೋಣೆಯ ನಟ್ಟನಡುವೆ ಎದ್ದು ನಿಂತಿತು. "ಲೆಮಾ, ನೀನು ಅದನ್ನ ಬಿಗಿ ಮಾಡ್ತಾ ಇರು, ನಮಗೆಲ್ಲ ಮೊಮ್ಮಕ್ಕಳಾಗಲಿ," ಎಂದಿತು ದನಿ. ಜನ ನಕ್ಕರು. ದನಿಯೂ ನಕ್ಕಿತು, ಮೂಗಿನಲ್ಲಿ, ಕೊನೆಗೆ ಒಂದು ಸಣ್ಣ ಬಿಕ್ಕಳಿಕೆಯೊಡನೆ. "ಅಯ್ಯೋ ಸೆಕೆ. ಗಂಟಲು ಒಣಗಿಹೋಯ್ತು. ಒಂಚೂರು ನೀರು ಕೊಡಿ ಯಾರಾದ್ರೂ, ಪ್ಲೀಸ್."

"ಬಂದೆ, ಬಂದೆ ಕಣೇ!" ಎಂದಿತು ಅಡುಗೆಮನೆ.

ಪಾತ್ರೆ ಸದ್ದಾಯಿತು. ನಲ್ಲಿ ತಿರುಗಿತು. ತಾಯಿ ತುಳುಕುವ ಲೋಟ ಹಿಡಿದು, ಒದ್ದೆ ಕೈಯಲ್ಲಿ, ಬಾಗಿಲವರೆಗೆ ಸರಸರ ಬಂದವಳು ಅಲ್ಲಿಯೇ ನಿಂತಳು. ಮಗಳನ್ನು ನೋಡಿದಳು, ಮೇಜಿನ ಮೇಲಿನ ಫೋನನ್ನು ನೋಡಿದಳು. ಫೋನಿನಲ್ಲಿ ಮುಂದಿನ ಹಾಡು ಶುರುವಾಗುವುದರಲ್ಲಿತ್ತು. ಕೆರುಬೋ ಅದನ್ನು ಆರಿಸಲು ಹುಡುಕಿದಳು, ಬೆರಳಿಗೆ ಸಿಗಲಿಲ್ಲ, ಎರಡೂ ಅಂಗೈಯಿಂದ ಅದುಮಿ ಹಿಡಿದಳು, ಒಳಗಿನ ದನಿ ಬೆರಳ ಸಂದಿಯಿಂದಲೂ ಹೊರಟು ಬರುವುದೆಂಬಂತೆ.

ಅಯೂಮಾ ಎದ್ದು ಹೋಗಿ ತಾಯಿಯ ಕೈಯಿಂದ ಲೋಟ ಬಿಡಿಸಿಕೊಂಡು, ಅಲ್ಲಿಯೇ ನಿಂತು, ನೀರನ್ನು ಪೂರ್ತಿ ಕುಡಿದಳು.